ಕಸೆ, ಉಡಿದಾರ, ಗೊಂಡೆ: ಪೂರ್ವಕಾಲದ ಉಡುಪಿಗೆ ತಕ್ಕ ದಾರಗಳನ್ನು ಒದಗಿಸಿಕೊಳ್ಳುವ ಬಗೆ

ಶಾಲೆಯ ಉತ್ಸವಗಳಲ್ಲಿ ಚಾರಿತ್ರಿಕ ನಾಟಕಗಳನ್ನಾಡುವ ಪದ್ಧತಿಯು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅಮೋಘವರ್ಷ ನೃಪತುಂಗನ ಆಸ್ಥಾನವನ್ನಾಗಲಿ ಕಿತ್ತೂರ ಚೆನ್ನಮ್ಮರಾಣಿಯ ಸಮರವನ್ನಾಗಲಿ ರಂಗದ ಮೇಲೆ ತರಬೇಕೆಂದು ನಿಶ್ಚಯವಾದೊಡನೆ ಸೀರೆ, ಧೋತರ, ಶಲ್ಯ, ಕಿರೀಟಗಳ ವಿಷಯವಾಗಿ ಎಲ್ಲರೂ ಯೋಚಿಸುವರು. ಆದರೆ ಅವನ್ನೆಲ್ಲ ಮೈಮೇಲೆ ನಿಲ್ಲಿಸುವ ದಾರದ ವಿಷಯವನ್ನು ಯೋಚಿಸುವವರು ವಿರಳ. ಕಡೆಯ ಗಳಿಗೆಯಲ್ಲಿ ಅಂಗಡಿಯಿಂದ ಒಂದಿಷ್ಟು ನೈಲಾನ್ ಹುರಿಯನ್ನು ತರಿಸಿ ಕಟ್ಟಿಬಿಡುವುದೇ ರೂಢಿ. ನೈಲಾನ್ ಎಂಬ ಪದಾರ್ಥವು ಹುಟ್ಟಿದ್ದು 1930ರ ದಶಕದಲ್ಲಿ. ನೃಪತುಂಗನು ಆಳಿದ್ದು 9ನೆಯ ಶತಮಾನದಲ್ಲಿ. ಸಾವಿರ ವರ್ಷಗಳ ಅಂತರವನ್ನು ಒಂದು ಗಂಟಿನಲ್ಲಿ ಮರೆಸುವುದು ವಿದ್ಯಾರ್ಥಿನಿಯರಾದ ನಮಗೆ ಒಪ್ಪತಕ್ಕ ಮಾತಲ್ಲ. ಆದಕಾರಣ ಹಿಂದಿನವರು ದಾರಗಳನ್ನು ಯಾವ ಸಾಮಗ್ರಿಯಿಂದ, ಯಾವ ಉಪಕರಣಗಳಿಂದ ಮಾಡುತ್ತಿದ್ದರು, ಅವು ಇಂದು ನಮ್ಮ ಕಾಳಗಿ, ಸೇಡಂ, ಚಿತ್ತಾಪುರ, ಚಿಂಚೋಳಿಗಳ ಸೀಮೆಯಲ್ಲಿ ಎಲ್ಲಿ ದೊರೆಯುವುವು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸುವೆವು.

ದಾರದ ಮಹತ್ವ

ಗುಂಡಿಯೂ ಪಿನ್ನೂ ಸಾಮಾನ್ಯರ ಉಡುಪಿಗೆ ಬರುವುದಕ್ಕೆ ಮುಂಚೆ ಉಡುಪನ್ನು ಬಿಗಿಯುವ ಕೆಲಸವೆಲ್ಲವೂ ದಾರದ್ದೇ ಆಗಿತ್ತು. ಅಂಗಿಗೆ ಹೊಲಿದ ಕಟ್ಟುದಾರಕ್ಕೆ ನಮ್ಮವರು ಕಸೆ ಎಂದರು. ಅಂಥ ಅಂಗಿಯೇ ಕಸೆಯಂಗಿ. ಹನ್ನೆರಡು ಕಸೆಗಳುಳ್ಳದ್ದು ಬಾರಾಬಂದಿ. ಇಜಾರವನ್ನು ಸೊಂಟಕ್ಕೆ ನಿಲ್ಲಿಸುವುದು ಲಾಡಿ. ಸೊಂಟಕ್ಕೆ ಕಟ್ಟುವುದು ಉಡಿದಾರ. ಜಡೆಯ ತುದಿಗೆ ಇಳಿಬಿಡುವುದು ಕುಚ್ಚು ಅಥವಾ ಗೊಂಡೆ. ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸುವುದಕ್ಕೆ ಶಿವದಾರ. ಇಷ್ಟು ಹೆಸರುಗಳಿರುವುದರಿಂದಲೇ ಈ ವಸ್ತುವು ನಮ್ಮ ಜನರ ಬಾಳಿನಲ್ಲಿ ಎಷ್ಟು ಹೊಕ್ಕಿತ್ತೆಂಬುದನ್ನು ಊಹಿಸಬಹುದು.

ದಾರವು ಕೇವಲ ಬಿಗಿಯುವುದಕ್ಕಲ್ಲ, ಉಟ್ಟವರು ಯಾರೆಂದು ತಿಳಿಸುವುದಕ್ಕೂ ಸಾಧನವಾಗಿತ್ತು. ಮೊಗಲರ ಕಾಲದ ಚಿತ್ರಗಳಲ್ಲಿ ಹಿಂದೂಗಳ ಜಾಮೆಯ ಕಸೆಯು ಎಡಗಡೆಗೂ ಮುಸಲ್ಮಾನರದು ಬಲಗಡೆಗೂ ಇರುವುದು ಪ್ರಸಿದ್ಧವಾಗಿದೆ. ಹಳೆಯ ಒಡಂಬಡಿಕೆಯ ಅರಣ್ಯಕಾಂಡದಲ್ಲಿಯೂ ಇಸ್ರಾಯೇಲ್ಯರು ತಮ್ಮ ಬಟ್ಟೆಯ ಮೂಲೆಗಳಿಗೆ ಗೊಂಡೆಗಳನ್ನು ಕಟ್ಟಿ ನೀಲಿಯ ದಾರವನ್ನು ಸೇರಿಸಬೇಕೆಂಬ ವಿಧಿಯುಂಟು. ಬೌದ್ಧರ ವಿನಯಪಿಟಕದ ಚುಲ್ಲವಗ್ಗದಲ್ಲಿ ಭಿಕ್ಷುಗಳು ಕಟ್ಟಬಾರದ ಸೊಂಟದ ದಾರಗಳನ್ನು ಹೆಸರಿಸಿದೆ: ಹಲವು ಎಳೆಗಳನ್ನು ಕೂಡಿಸಿ ಹೆಣೆದ ಕಲಾಬುಕ, ನೀರುಹಾವಿನ ತಲೆಯ ಆಕಾರವುಳ್ಳ ದೆಡ್ಡುಭಕ, ಮದ್ದಳೆಯ ಆಕಾರವುಳ್ಳ ಮುರಜ, ಮದ್ದವೀಣ ಇತ್ಯಾದಿ. ಇವು ಭೋಗಿಗಳಾದ ಗೃಹಸ್ಥರಿಗೆ ತಕ್ಕವು ಎಂಬುದೇ ನಿಷೇಧಕ್ಕೆ ಕಾರಣ. ನಿಷೇಧಿಸಬೇಕಾಯಿತೆಂದ ಮೇಲೆ ಅಂಥ ವಿಚಿತ್ರವಾದ ಹೆಣಿಗೆಗಳು ಆ ಕಾಲದಲ್ಲಿ ಬಳಕೆಯಲ್ಲಿದ್ದುವೆಂಬುದು ಸ್ಪಷ್ಟ.

ಆಧಾರಗಳು ಯಾವುವು?

ಇಲ್ಲಿ ಒಂದು ಕಷ್ಟವುಂಟು. ಕಲ್ಲು ಉಳಿಯುತ್ತದೆ, ಲೋಹ ಉಳಿಯುತ್ತದೆ; ನೂಲು ನಮ್ಮ ದೇಶದ ಮಳೆಗೂ ಗೆದ್ದಲಿಗೂ ತುತ್ತಾಗುತ್ತದೆ. ಮೊಹೆಂಜೊದಾರೊದಲ್ಲಿ ಹತ್ತಿಯ ಬಟ್ಟೆಯ ಚೂರು ಉಳಿದದ್ದು ಬೆಳ್ಳಿಯ ಪಾತ್ರೆಗೆ ಅಂಟಿಕೊಂಡಿದ್ದರಿಂದ. ನಾರ್ವೆ ದೇಶದ ಓಸೆಬರ್ಗ್ ಎಂಬಲ್ಲಿ 9ನೆಯ ಶತಮಾನದ ಹಡಗಿನ ಸಮಾಧಿಯೊಳಗೆ, ಪಟ್ಟಿ ನೇಯುವ 52 ಹಲಗೆಬಿಲ್ಲೆಗಳು ನೂಲಿನ ಸಮೇತ ದೊರೆತವು. ಅಂಥ ಭಾಗ್ಯವು ನಮಗಿಲ್ಲ. ಆದುದರಿಂದ ನಾವು ಶಿಲ್ಪಗಳನ್ನೇ ಆಶ್ರಯಿಸಬೇಕಾಗಿದೆ.

ಸುದೈವದಿಂದ ಅವು ನಮ್ಮ ನೆರೆಯಲ್ಲಿಯೇ ಇವೆ. ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ದಡದಲ್ಲಿರುವ ಸನ್ನತಿಯ ಚಂದ್ರಲಾಂಬಾ ಕ್ಷೇತ್ರದಲ್ಲಿ 1986ರಲ್ಲಿ ಕಾಳಿಕಾ ಗುಡಿಯ ಮಾಳಿಗೆ ಕುಸಿದಾಗ ಅಶೋಕನ ಶಾಸನದ ಕಲ್ಲು ಬೆಳಕಿಗೆ ಬಂದಿತು. ಅದರ ಬಳಿಯ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಿಂದ ಮಹಾಸ್ತೂಪವೊಂದರ ಅವಶೇಷಗಳೂ, 'ರಾಯೋ ಅಸೋಕೋ' ಎಂಬ ಬ್ರಾಹ್ಮೀ ಬರಹವುಳ್ಳ ಅರಸನ ಶಿಲ್ಪವೂ ದೊರೆತವು. ಸಾತವಾಹನರ ಕಾಲದ ಇಂಥ ಶಿಲ್ಪಗಳಲ್ಲಿ ನಡುವಿಗೆ ಕಟ್ಟಿದ ಪಟ್ಟಿಗಳೂ ಅವುಗಳ ಜೋಲುವ ತುದಿಗಳೂ ನೋಡತಕ್ಕವು. ರಾಷ್ಟ್ರಕೂಟರ ರಾಜಧಾನಿಯಾದ ಮಳಖೇಡವು ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿದೆ. ಕಾಳಗಿಯಲ್ಲಿಯೇ ಕಲ್ಯಾಣ ಚಾಳುಕ್ಯರ ಕಾಲದ ಗುಡಿಗಳುಂಟು. ಆ ಕಾಲದ ವಿಗ್ರಹಗಳ ಕಟಿಸೂತ್ರ, ಉದರಬಂಧ, ತೊಡೆಯ ಮೇಲೆ ಇಳಿಬಿದ್ದ ಊರುದಾಮಗಳನ್ನು ಕಾಗದದ ಮೇಲೆ ಬರೆದುಕೊಳ್ಳುವುದು ನಮ್ಮ ಮೊದಲನೆಯ ಪಾಠವಾಗತಕ್ಕದ್ದು.

ಆದರೆ ಕಲ್ಲು ಎಲ್ಲವನ್ನೂ ಹೇಳಲಾರದು. ದಾರವು ಎಲ್ಲಿತ್ತು, ಎಷ್ಟು ದಪ್ಪವಿತ್ತು, ಹೇಗೆ ಗಂಟು ಹಾಕಿತ್ತು ಎಂಬುದನ್ನು ಅದು ಹೇಳುತ್ತದೆ. ಬಣ್ಣವನ್ನೂ ಎಳೆಗಳ ಸಂಖ್ಯೆಯನ್ನೂ ಸಾಮಾನ್ಯವಾಗಿ ಹೇಳುವುದಿಲ್ಲ. ಆದಕಾರಣ ಉಡುಪಿನ ಟಿಪ್ಪಣಿಯಲ್ಲಿ ಮೂರು ಅಂಕಣಗಳಿರಲಿ: ಕಣ್ಣಾರೆ ಕಂಡದ್ದು, ಕಂಡದ್ದರಿಂದ ಊಹಿಸಿದ್ದು, ನಾವೇ ಕಲ್ಪಿಸಿದ್ದು. ಕಲ್ಪನೆಯು ದೋಷವಲ್ಲ, ಕಲ್ಪನೆಯನ್ನು ಕಂಡದ್ದೆಂದು ಹೇಳುವುದೇ ದೋಷ.

ಸಾಮಗ್ರಿ

ಹತ್ತಿಯೇ ಇಲ್ಲಿ ಮುಖ್ಯವಾದದ್ದು. ನಮ್ಮ ಎರೆಯ ಹೊಲಗಳಲ್ಲಿ ಅದು ಬೆಳೆಯುತ್ತದೆ. ಗಿರಣಿಯ ದಾರವು ಅತಿ ನಯವಾಗಿರುವುದರಿಂದ ಹಳೆಯ ರೂಪವು ಬರುವುದಿಲ್ಲ. ಕೈನೂಲನ್ನು ಖಾದಿ ಭಂಡಾರಗಳಲ್ಲಿ ವಿಚಾರಿಸಬೇಕು. 1957ರಲ್ಲಿ ಸ್ಥಾಪಿತವಾದ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘವು ರಾಷ್ಟ್ರಧ್ವಜಗಳಿಗಾಗಿ ಹೆಸರಾದದ್ದು. ಮನೆಯಲ್ಲಿ ತಕಲಿಯಿದ್ದರೆ ನಾವೇ ನೂಲಬಹುದು.

ರೇಷ್ಮೆಯು ಶ್ರೀಮಂತರ ಉಡುಪಿಗೆ ತಕ್ಕದ್ದು. ಸೀರೆ ನೇಯುವವರಲ್ಲಿ ಮಗ್ಗದಿಂದ ಉಳಿದ ಹಾಸಿನ ತುಂಡುಗಳು ಇರುವುದುಂಟು. ಕುಚ್ಚುಗಳಿಗೆ ಅವು ಸಾಕು. ಕುರಿಯ ಉಣ್ಣೆಯನ್ನು ಕಂಬಳಿ ನೇಯುವವರಿಂದ ಪಡೆಯಬಹುದು. ಪುಂಡಿ ಮತ್ತು ಸೆಣಬಿನ ನಾರು ಒರಟಾದುದರಿಂದ ಸೈನಿಕ, ಒಕ್ಕಲಿಗ, ದನಗಾಹಿ ಪಾತ್ರಗಳಿಗೆ ಒಪ್ಪುವುದು.

ಬಣ್ಣದ ವಿಷಯದಲ್ಲಿ ಒಂದು ಇಸವಿಯನ್ನು ನೆನಪಿನಲ್ಲಿಡತಕ್ಕದ್ದು. ಪರ್ಕಿನ್ ಎಂಬಾತನು ಕೃತಕ ಬಣ್ಣವನ್ನು ಕಂಡುಹಿಡಿದದ್ದು 1856ರಲ್ಲಿ. ಅದಕ್ಕೆ ಹಿಂದಿನ ಕಥೆಯಾದರೆ ನೀಲಿ, ಮಂಜಿಷ್ಠದ ಕೆಂಪು, ಅರಿಸಿನದ ಹಳದಿ ಮೊದಲಾದ ಸಹಜ ವರ್ಣಗಳೊಳಗೇ ಇರಬೇಕು. 1824ರ ಕಿತ್ತೂರಿನ ನಾಟಕದಲ್ಲಿ ಕಣ್ಣು ಕುಕ್ಕುವ ಗುಲಾಬಿ ಕಸೆಯು ಸಲ್ಲದು.

ಉಪಕರಣಗಳು

ಜಪಾನ್ ದೇಶದವರು ಕುಮಿಹಿಮೊ ಎಂಬ ಹೆಣಿಗೆಗೆ ಮಾರುದಾಯಿ ಎಂಬ ದುಂಡುಪೀಠವನ್ನು ಬಳಸುವರು; ಎಳೆಗಳ ತುದಿಗೆ ತೂಕದ ಉರುಳೆಗಳನ್ನು ಕಟ್ಟಿ ಪೀಠದ ಅಂಚಿನಲ್ಲಿ ಇಳಿಬಿಡುವರು. ರಾಜಸ್ಥಾನದಲ್ಲಿ ಒಂಟೆಯ ನಡುಪಟ್ಟಿಗಳನ್ನು, ಹೊಸೆದ ಹುರಿಯ ಎಳೆಗಳನ್ನು ಬಿಡಿಸಿ ಅವುಗಳ ನಡುವೆ ಮತ್ತೊಂದು ಹುರಿಯನ್ನು ತೂರಿಸಿ ಮಾಡುವರು. ಇವನ್ನು ತಿಳಿದಿರುವುದು ಒಳ್ಳೆಯದೇ. ಆದರೆ ಜಪಾನಿನ ಪೀಠವನ್ನು ತರಿಸಿಕೊಂಡು ಮಳಖೇಡದ ಅರಸನ ಉಡಿದಾರವನ್ನು ಹೆಣೆದರೆ ನಾವು ಜಪಾನಿನ ದಾರವನ್ನೇ ಮಾಡಿದಂತಾಗುವುದು. ಮೊದಲು ನಮ್ಮವರ ಕೈಯನ್ನು ನೋಡಬೇಕು.

ಕರಿಮಣಿ ಪೋಣಿಸುವ, ಒಡವೆಗಳಿಗೆ ರೇಷ್ಮೆಯ ದಾರ ಕಟ್ಟುವ ಪಟವೇಗಾರರು ಈ ವಿದ್ಯೆಯ ಒಡೆಯರು. ಅವರ ಉಪಕರಣಗಳನ್ನು ಹುಡುಕಿ ಹೊರಟವರು ದೊಡ್ಡ ಯಂತ್ರವನ್ನು ನಿರೀಕ್ಷಿಸಬಾರದು. ಕಾಲಿನ ಹೆಬ್ಬೆರಳೇ ಅವರ ಗೂಟ. ಎಳೆಯನ್ನು ಅದಕ್ಕೆ ಸಿಕ್ಕಿಸಿ ಬಿಗಿಹಿಡಿದು ಎರಡು ಕೈಗಳಿಂದ ಸುತ್ತುವರು, ಗಂಟು ಹಾಕುವರು. ಅದಲ್ಲದೆ ಸೂಜಿ, ಕತ್ತರಿ, ಕೊಕ್ಕೆಗಳಿದ್ದರೆ ಸಾಕು. ಇದರಿಂದ ನಾವು ತಿಳಿಯತಕ್ಕದ್ದೇನೆಂದರೆ, ಈ ಕಸುಬಿನಲ್ಲಿ ಉಪಕರಣವೆಂಬುದು ಬಹುಪಾಲು ಕೈಬೆರಳುಗಳಲ್ಲಿಯೇ ಇದೆ. ಆ ಕೈ ನಿಂತರೆ ಉಪಕರಣವೂ ಹೋದಂತೆ. ವಸ್ತುಸಂಗ್ರಹಾಲಯದಲ್ಲಿಡುವುದಕ್ಕೆ ಒಂದು ಸೂಜಿಯ ಹೊರತು ಬೇರೇನೂ ಉಳಿಯದು.

ಕಾಳಗಿ, ಚಿಂಚೋಳಿಗಳ ಸುತ್ತಲಿನ ತಾಂಡೆಗಳಲ್ಲಿ ಲಂಬಾಣಿ ಸ್ತ್ರೀಯರು ಹಿಂಬದಿಯಲ್ಲಿ ದಾರದಿಂದ ಬಿಗಿಯುವ ಕಾಂಚಳಿಯನ್ನೂ, ಕವಡೆ ಗೊಂಡೆಗಳುಳ್ಳ ಅಂಚುಗಳನ್ನೂ ಬಲ್ಲರು. ಬಳ್ಳಾರಿ ಸೀಮೆಯ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ನಮ್ಮ ಕಡೆಯ ಅಜ್ಜಿಯರ ಕೈಯೂ ಅದಕ್ಕೆ ಕಡಮೆಯಾದುದಲ್ಲ. ಅವರ ಬಳಿಗೆ ಹೋಗುವಾಗ ಎರಡು ನಿಯಮಗಳನ್ನು ಪಾಲಿಸಬೇಕು. ಉಟ್ಟ ಹಳೆಯ ಉಡುಪನ್ನು ಬಿಚ್ಚಿ ತೋರಿಸಿರೆಂದು ಪೀಡಿಸಬಾರದು; ಕಲಿಸಿದ ಹೊತ್ತಿಗೆ ತಕ್ಕ ಕೂಲಿಯನ್ನು ಕೊಡದೆ ಬರಬಾರದು. ಅಂತೆಯೇ ಶಿವದಾರವು ಪೂಜ್ಯವಸ್ತು. ಅದರ ಹೊಸೆತವನ್ನು ಕೇಳಿ ಕಲಿಯಬಹುದೇ ಹೊರತು ರಂಗದ ಅಲಂಕಾರಕ್ಕಾಗಿ ಎಳೆದಾಡಬಾರದು.

ಅಭ್ಯಾಸ

ಮೊದಲನೆಯದು ಹುರಿ. ಬೇಕಾದ ಹುರಿಯ ಉದ್ದದ ಮೂರರಷ್ಟು ಉದ್ದವಾದ ನೂಲಿನ ಎಳೆಗಳನ್ನು ಒಟ್ಟುಗೂಡಿಸಿರಿ. ಎರಡು ಮೊಳದ ಉಡಿದಾರಕ್ಕೆ ಆರು ಮೊಳ. ಒಂದು ತುದಿಯನ್ನು ಕೊಕ್ಕೆಗೆ ಕಟ್ಟಿ ಇನ್ನೊಂದನ್ನು ಒಂದೇ ದಿಕ್ಕಿಗೆ, ಸಡಿಲಬಿಟ್ಟರೆ ತಾನಾಗಿ ಗಂಟಿಕ್ಕಿಕೊಳ್ಳುವ ತನಕ ಹೊಸೆಯಿರಿ. ನಡುವೆ ಸಣ್ಣ ತೂಕವನ್ನು ತೂಗಿಸಿ, ಎರಡು ತುದಿಗಳನ್ನೂ ಕೂಡಿಸಿ ಹಿಡಿದರೆ ತೂಕವು ಎದುರು ದಿಕ್ಕಿಗೆ ತಿರುಗಿ ಹುರಿಯಾಗುವುದು. ಎಳೆಯು ಬಿಚ್ಚಿಕೊಳ್ಳಲು ಯತ್ನಿಸುವ ದಿಕ್ಕಿಗೇ ಹುರಿಯು ಬಿಗಿಯುವುದರಿಂದ ಒಂದರ ಬಲವನ್ನು ಇನ್ನೊಂದು ತಡೆದು ಎರಡೂ ನಿಲ್ಲುತ್ತವೆ. ಬಾವಿಯ ಹಗ್ಗಕ್ಕೂ ಇದೇ ತತ್ತ್ವ.

ಎರಡನೆಯದು ನಾಲ್ಕೆಳೆಯ ದುಂಡು ಹೆಣಿಗೆ. ಇದಕ್ಕೆ ಬೇಕಾದ ಉದ್ದದ ಒಂದೂವರೆಯಷ್ಟು ಎಳೆ ಸಾಕು. ನಾಲ್ಕು ಎಳೆಗಳನ್ನು ಕೊಕ್ಕೆಗೆ ಕಟ್ಟಿ ಎಡಕ್ಕೆ ಎರಡು, ಬಲಕ್ಕೆ ಎರಡು ಇರುವಂತೆ ಹಿಡಿಯಿರಿ. ಬಲತುದಿಯ ಎಳೆಯನ್ನು ಅದರ ಪಕ್ಕದ ಎರಡು ಎಳೆಗಳ ಹಿಂದಿನಿಂದ ಒಯ್ದು ಮುಂದಕ್ಕೆ ತಂದು, ದಾಟಿದ ಎರಡರಲ್ಲಿ ಕಡೆಯದರ ಮೇಲಿನಿಂದ ಬಲಕ್ಕೆ ಹಿಂತಿರುಗಿಸಿರಿ. ಬಳಿಕ ಎಡತುದಿಯ ಎಳೆಯನ್ನು ಅದೇ ಕ್ರಮದಿಂದ ಎರಡರ ಹಿಂದಿನಿಂದ ಒಯ್ದು ಒಂದರ ಮೇಲಿನಿಂದ ಎಡಕ್ಕೆ ಹಿಂತಿರುಗಿಸಿರಿ. ಪ್ರತಿಸಲವೂ ಎಡಕ್ಕೆ ಎರಡು, ಬಲಕ್ಕೆ ಎರಡು ಎಳೆಗಳು ಉಳಿದಿದ್ದರೆ ಹೆಣಿಗೆಯು ಸರಿಯಾಗಿದೆಯೆಂದು ತಿಳಿಯಿರಿ. ಎಳೆಗಳ ತುದಿಗೆ ಸಮತೂಕದ ಕಲ್ಲುಚೂರುಗಳನ್ನು ಅರಿವೆಯಲ್ಲಿ ಸುತ್ತಿ ಕಟ್ಟಿದರೆ ಬಿಗಿಯು ಒಂದೇ ಸಮನಾಗಿರುವುದು. ಶಹಾಬಾದಿನ ಫರಸಿಯ ತುಂಡುಗಳು ನಮ್ಮಲ್ಲಿ ಕಾಸಿಲ್ಲದೆ ಸಿಗುವುವು. ನೂಲು ಸಿಬಿರೇಳದಂತೆ ಜೇನುಮೇಣವನ್ನು ಲೇಪಿಸಬಹುದು.

ಕೊನೆಯ ಮಾತು

ಈ ದಾರಗಳು ದೂರದಿಂದ ನೋಡುವವರಿಗೆ ಕಾಣುವುದಿಲ್ಲವಲ್ಲ, ಇಷ್ಟು ಶ್ರಮವೇಕೆ ಎಂದು ಕೇಳುವವರಿರಬಹುದು. ನೋಡುವವರಿಗಾಗಿ ಮಾತ್ರವಲ್ಲ, ಉಡುವವಳಿಗಾಗಿಯೂ ಈ ಶ್ರಮವು. ಕಸೆಯನ್ನು ತಾನೇ ಹೆಣೆದು ಕಟ್ಟಿಕೊಂಡ ಹುಡುಗಿಗೆ ಹಿಂದಿನವರು ನಿಲ್ಲುತ್ತಿದ್ದ ಬಗೆ, ಬಾಗುತ್ತಿದ್ದ ಬಗೆ ಸ್ವಲ್ಪಮಟ್ಟಿಗೆ ಮೈಗೆ ತಿಳಿಯುತ್ತದೆ. ಪುಸ್ತಕದಿಂದ ಅದು ತಿಳಿಯದು.

ಇನ್ನೊಂದು ಕಾರಣವು ಇದಕ್ಕಿಂತ ದೊಡ್ಡದು. ಯಂತ್ರದ ದಾರವು ಅಗ್ಗವಾಗಿ ಸಂತೆಗೆ ಬಂದಿರುವಾಗ ಕೈಯಿಂದ ಹೆಣೆಯುವವರ ಮಕ್ಕಳು ಬೇರೆ ಕೆಲಸವನ್ನು ಹಿಡಿಯುವುದು ಸಹಜ. ಅವರನ್ನು ನಾವು ದೂರಲಾರೆವು. ಆದರೆ ಆ ವಿದ್ಯೆಯನ್ನು ಕೇಳಿ ಬರೆದುಕೊಳ್ಳುವ ಅವಕಾಶವು ನಮ್ಮ ತಲೆಮಾರಿಗೆ ಇನ್ನೂ ಇದೆ. ಆದಕಾರಣ ಪ್ರತಿಯೊಬ್ಬ ವಿದ್ಯಾರ್ಥಿನಿಯೂ ಬರುವ ರಜೆಯಲ್ಲಿ ತನ್ನ ಮನೆಯಿಂದಲೋ ನೆರೆಯಿಂದಲೋ ಒಂದು ಗೇಣು ಕೈದಾರವನ್ನು ಕೇಳಿ ಪಡೆದು, ರಟ್ಟಿನ ಮೇಲೆ ಹೊಲಿದು, ಅದರ ಹೆಸರು, ಸಾಮಗ್ರಿ, ಎಳೆಗಳ ಸಂಖ್ಯೆ, ಉಪಯೋಗ, ಹೆಣೆದವರು ಅದನ್ನು ಯಾರಿಂದ ಕಲಿತರು ಎಂಬುದನ್ನು ಬರೆದು ತರಲಿ. ಮನೆಯಲ್ಲಿ ಆಡುವ ಮಾತಿನಲ್ಲಿಯೇ ಹೆಸರನ್ನು ಬರೆಯಲಿ; ಅದು ಕನ್ನಡವಾಗಲಿ, ಲಂಬಾಣಿಯಾಗಲಿ, ಉರ್ದುವಾಗಲಿ, ತೆಲುಗಾಗಲಿ. ಇಂಥ ನೂರು ರಟ್ಟುಗಳು ಶಾಲೆಯ ಕಪಾಟಿನಲ್ಲಿ ಸೇರಿದರೆ ಮುಂದೆ ಉಡುಪು ಹೊಲಿಯುವವರು ದಾರಕ್ಕಾಗಿ ದೂರ ಹೋಗಬೇಕಾಗಿಲ್ಲ. ಕೆಲಸವು ಸಣ್ಣದು, ಆದರೆ ಕಲಿಸಬಲ್ಲವರು ಇರುವಾಗಲೇ ಅದನ್ನು ಮಾಡತಕ್ಕದ್ದು.