ಮಧ್ಯಾಹ್ನ ಪಿಜ್ಜಾ, ರಾತ್ರಿ ಸಾರನ್ನ

1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನನ್ನು ಬದಲಿಸಿ, ದೇಶವಾರು ಕೋಟಾ ಪದ್ಧತಿಯನ್ನು ಕೈಬಿಟ್ಟಿತು. ಆಮೇಲೆ ನಮ್ಮ ಎಂಜಿನಿಯರುಗಳು, ಡಾಕ್ಟರುಗಳು ದೊಡ್ಡ ಸಂಖ್ಯೆಯಲ್ಲಿ ಅಲ್ಲಿಗೆ ಹೋದರು. ಜೊತೆಗೆ ಸಾರಿನಪುಡಿ, ಉಪ್ಪಿನಕಾಯಿಯೂ ಹೋಯಿತು. ಆದರೆ ಅಲ್ಲೇ ಬೆಳೆದ ಮಕ್ಕಳ ಊಟ ಏನಾಯ್ತು? ಇದನ್ನು ನಾವು ಹೊತ್ತು ಹೊತ್ತಿಗೆ ಬಿಡಿಸಿ ನೋಡೋಣ.

ವಲಸೆ ಹೋದವರ ಮನೆಯಲ್ಲಿ ಸಾಮಾನ್ಯವಾಗಿ ಮೊದಲು ಬದಲಾಗೋದು ಬೆಳಗಿನ ತಿಂಡಿ. ಉಪ್ಪಿಟ್ಟಿನ ಜಾಗಕ್ಕೆ ಹಾಲು, ಸೀರಿಯಲ್ ಬರುತ್ತೆ. ಆಮೇಲೆ ಮಧ್ಯಾಹ್ನದ ಊಟ. ಕೊನೆವರೆಗೂ ಉಳಿಯೋದು ರಾತ್ರಿಯದು, ಯಾಕಂದ್ರೆ ಆಗ ಮನೆಯವರೆಲ್ಲ ಒಟ್ಟಿಗೆ ಕೂರ್ತಾರೆ.

ಹದಿಹರೆಯದವರಿಗೆ ಕಷ್ಟವಾಗೋದು ಮಧ್ಯಾಹ್ನವೇ. ಡಬ್ಬಿ ತೆರೆದಾಗ ಒಗ್ಗರಣೆ ವಾಸನೆಗೆ ಪಕ್ಕದವರು ಮೂಗು ಮುಚ್ಚಿಕೊಂಡರೆ, ಮರುದಿನ ಡಬ್ಬಿಯೇ ಬೇಡ ಅನಿಸುತ್ತೆ. ಪಿಜ್ಜಾ ತಿಂದರೆ ಗೆಳೆಯರ ಜೊತೆ ಕೂರೋಕೆ ಜಾಗ ಸಿಗುತ್ತೆ.

"ಸಂಸ್ಕೃತಿ ಮರೆತರು" ಅಂತ ಬೈಯೋದು ಸುಲಭ. ನಿಜವಾದ ಚಿಂತೆ ಆರೋಗ್ಯದ್ದು. ದಕ್ಷಿಣ ಏಷ್ಯಾ ಮೂಲದವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರಬಹುದು. ಅದಕ್ಕೇ ಅಮೆರಿಕದ ಡಯಾಬಿಟಿಸ್ ಸಂಘ 2015ರಲ್ಲಿ, ಏಷ್ಯಾ ಮೂಲದ ವಯಸ್ಕರ ತಪಾಸಣೆಗೆ ಬಿಎಂಐ ಮಿತಿಯನ್ನು 25ರಿಂದ 23ಕ್ಕೆ ಇಳಿಸಿತು. ಹೊರಗಿನ ಸೋಡಾ, ಚಿಪ್ಸಿನ ಜೊತೆ ಮನೆಯ ಬಿಳಿ ಅನ್ನವೂ ರಾಶಿ ಬಿದ್ದರೆ, ಎರಡೂ ಕಡೆಯ ಹೊರೆ ಒಂದೇ ದೇಹಕ್ಕೆ. ಉಳಿಸಿಕೊಳ್ಳಬೇಕಾದ್ದು ಕಾಳು, ಸೊಪ್ಪು, ತರಕಾರಿ. ಕೋಸಂಬರಿಯನ್ನು ಸಲಾಡ್ ಅಂತ ಕರೆದರೂ ಹೆಸರುಬೇಳೆ ಹೆಸರುಬೇಳೆಯೇ.

ಹಾಸ್ಟೆಲ್ಲಿಗೆ ಬಂದ ನಾವೂ ಮನೆ ಬಿಟ್ಟವರೇ. ನಮ್ಮಲ್ಲಿ ಮೊದಲು ಬದಲಾದದ್ದು ಯಾವ ಹೊತ್ತಿನ ಊಟ?