ಸವಿನೆನಪು ಮತ್ತು ಮನಸ್ಸಿನ ಆರೋಗ್ಯ

ಸಂವತ್ಸರವೊಂದು ಮುಗಿಯುವಾಗ, ನಮಗೆ ಅತಿ ಪ್ರಿಯವಾದ ಅನುಭವವಾವುದೆಂದು ನೆನೆದರೆ ಕಳೆದ ಯುಗಾದಿಯ ಮುಂಜಾನೆಯೇ ಕಣ್ಮುಂದೆ ನಿಲ್ಲುತ್ತದೆ. ಮರೆವಿನ ರೋಗದಲ್ಲಿ ಸಾಮಾನ್ಯವಾಗಿ ಹೊಸ ನೆನಪುಗಳು ಮೊದಲು ಮಾಸುತ್ತವೆ. ಬಾಲ್ಯದವು ಹೆಚ್ಚು ಕಾಲ ಉಳಿಯುತ್ತವೆ. ಇದನ್ನರಿಯದ ನಾವು, “ಅವ್ವಾ, ಈಗ ಏನ್ ಉಂಡಿ ಹೇಳು” ಎಂದು ತಾಯಿಯವರನ್ನು ಪರೀಕ್ಷಿಸಿ ನೋಯಿಸುತ್ತಿದ್ದೆವು. ಅಂದು ಬೇವಿನ ಬಟ್ಟಲನ್ನು ಕೈಗಿತ್ತು ಸುಮ್ಮನೆ ಕುಳಿತೆವು. ಅವರು ತವರಿನ ಬಾವಿಕಟ್ಟೆ, ಕೆಂಪು ಎತ್ತು, ಅದರ ಕೊರಳ ಗೆಜ್ಜೆಗಳನ್ನು ಕುರಿತು ಅರ್ಧ ತಾಸು ನುಡಿದರು!

ವೃದ್ಧರು ಹಿಂದಿನದನ್ನು ಮೆಲುಕು ಹಾಕುವುದು ದೌರ್ಬಲ್ಯವಲ್ಲ, ಸಹಜ ಮನೋವ್ಯಾಪಾರವೆಂದು ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿಯೇ ಪ್ರತಿಪಾದಿಸಿದ್ದರು. ಇದರಿಂದ ರೋಗ ಗುಣವಾಗದು, ಮನಸ್ಸು ಹಗುರಾಗಬಹುದು. ಹಳೆಯ ಭಾವಚಿತ್ರ, ಪರಿಚಿತ ಹಾಡು, ಅಡುಗೆಯ ಪರಿಮಳ ನೆರವಾಗುತ್ತವೆ. ದುಃಖದ ನೆನಪು ಬಂದರೆ ಕೆದಕದೆ ಮಾತು ಹೊರಳಿಸಬೇಕು.

ಮೊನ್ನೆ ಅದೇ ಕಥೆಯಲ್ಲಿ ಎತ್ತು ಬಿಳಿಯದಾಗಿತ್ತು. ನಾವು ತಿದ್ದಲಿಲ್ಲ.