ಸಡಿಲವಾದ ಹಲ್ಲಿನ ಸೆಟ್ಟಿಗೆ ಭದ್ರವಾದ ಆಧಾರ



ಕುಟುಂಬದ ಕಲ್ಯಾಣವು ಮಕ್ಕಳ ಪಾಲನೆಯಂತೆಯೇ ಮನೆಯ ಹಿರಿಯರ ಪೋಷಣೆಯನ್ನೂ ಒಳಗೊಂಡಿದೆ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ, ಕಟ್ಟಿಸಿಕೊಂಡ ಹಲ್ಲನ್ನು ಡಬ್ಬಿಯಲ್ಲಿಟ್ಟು, ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿ ಏಳುವ ವೃದ್ಧರಿದ್ದಾರೆ. ರಾಗಿಮುದ್ದೆಗೆ ಹಲ್ಲು ಬೇಕಿಲ್ಲ, ನಿಜ. ಆದರೆ ಕಾಳು, ಸೊಪ್ಪು, ಮಾಂಸ, ಹಣ್ಣುಗಳನ್ನು ಅಗಿಯಲಾರದೆ ಬಿಟ್ಟಾಗ ದೇಹವು ಕೃಶವಾಗುತ್ತದೆ. ಮನೆಯವರು ಇದನ್ನು ವಯಸ್ಸಿನ ದೋಷವೆಂದು ತಿಳಿಯುತ್ತಾರೆ.

ಸೆಟ್ಟು ಸಡಿಲವಾಗುವುದೇಕೆ?

ಹಲ್ಲು ಹೋದ ನಂತರ ದವಡೆಯ ಮೂಳೆಯು ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಮೇಲಿನ ಸೆಟ್ಟು ಅಂಗುಳಕ್ಕೆ ಅಂಟಿಕೊಂಡು ನಿಲ್ಲುತ್ತದೆ. ಕೆಳಗಿನ ಸೆಟ್ಟಿಗೆ ಆ ಆಸರೆಯಿಲ್ಲ. ನಾಲಿಗೆಯೂ ಅದನ್ನು ಅಲುಗಿಸುತ್ತದೆ.

ಇಂಪ್ಲಾಂಟ್ ಎಂದರೇನು?

ಇದು ಮೂಳೆಯೊಳಗೆ ಕೂರಿಸುವ ಟೈಟೇನಿಯಂ ಲೋಹದ ಸಣ್ಣ ತಿರುಪು. ಈ ಲೋಹದೊಡನೆ ಮೂಳೆಯು ಬೆಸೆದುಕೊಳ್ಳುವುದನ್ನು ಕಂಡುಕೊಂಡ ಸ್ವೀಡನ್ನಿನ ಬ್ರೋನೆಮಾರ್ಕ್ ಅವರು 1965ರಲ್ಲಿ ಮೊದಲ ರೋಗಿಗೆ ಇದನ್ನು ಅಳವಡಿಸಿದರು. ಕೆಳದವಡೆಯ ಮುಂಭಾಗದಲ್ಲಿ ಸಾಮಾನ್ಯವಾಗಿ ಎರಡು ತಿರುಪುಗಳು ಸಾಕು. ಕೆಲವು ತಿಂಗಳಲ್ಲಿ ಮೂಳೆ ಕೂಡಿಕೊಂಡ ಮೇಲೆ ಸೆಟ್ಟಿನ ಒಳಭಾಗಕ್ಕೆ ಕೊಂಡಿಗಳನ್ನು ಜೋಡಿಸುವರು. ಆಗ ಸೆಟ್ಟು ಪ್ರೆಸ್ ಬಟನ್ನಿನಂತೆ ಕೂರುತ್ತದೆ, ಬೇಕೆಂದಾಗ ತೆಗೆಯಲೂಬಹುದು.

ಗಮನಿಸಬೇಕಾದ ಅಂಶಗಳು

1. ಸಕ್ಕರೆ ಕಾಯಿಲೆಯನ್ನು ಮೊದಲು ಹತೋಟಿಗೆ ತರಬೇಕು. ಮೂಳೆ ಸವೆತಕ್ಕೆ ಔಷಧಿ ಪಡೆಯುತ್ತಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಬೇಕು.

2. ಬೀಡಿ, ಹೊಗೆಸೊಪ್ಪುಗಳನ್ನು ತ್ಯಜಿಸಬೇಕು. ಬೀಡಿ ಸೇದುವವರಲ್ಲಿ ತಿರುಪು ನಿಲ್ಲದೆ ಹೋಗುವ ಸಂಭವ ಹೆಚ್ಚು.

3. ಪ್ರತಿ ರಾತ್ರಿ ಸೆಟ್ಟನ್ನು ತೆಗೆದು ತೊಳೆದು ನೀರಿನಲ್ಲಿಡಬೇಕು. ತಿರುಪಿನ ಸುತ್ತಲೂ ಮೃದುವಾದ ಬ್ರಷ್ಷಿನಿಂದ ಉಜ್ಜಬೇಕು. ಕೊಳೆ ನಿಂತರೆ ವಸಡು ಊದಿ ಮೂಳೆ ಕರಗುತ್ತದೆ.

4. ಕೊಂಡಿಗಳು ಕಾಲಕ್ರಮದಲ್ಲಿ ಸವೆಯುವುದರಿಂದ ಆಗಾಗ್ಗೆ ಪರೀಕ್ಷೆ ಮಾಡಿಸಿರಿ.

5. ಇಂಪ್ಲಾಂಟಿನ ಆಸೆಯಿಂದ ಉಳಿಸಬಹುದಾದ ಹಲ್ಲುಗಳನ್ನು ಕೀಳಿಸಬೇಡಿರಿ.

ವೆಚ್ಚದ ವಿಚಾರ

ಈ ಚಿಕಿತ್ಸೆಯು ದುಬಾರಿಯಾದುದು. ಸಾಲ ಮಾಡುವ ಮೊದಲು ಸರ್ಕಾರಿ ಆಸ್ಪತ್ರೆಯ ದಂತವೈದ್ಯರನ್ನು ಕಾಣಿರಿ. ಕೆಲವರಿಗೆ ಹಳೆಯ ಸೆಟ್ಟಿಗೆ ಒಳಪದರ ಹಾಕಿಸಿದರೂ ಸಾಕಾಗುತ್ತದೆ. ಬಡ ವೃದ್ಧರಿಗೆ ಸಾಮಾನ್ಯ ಸೆಟ್ಟನ್ನು ಉಚಿತವಾಗಿ ನೀಡಲು ರಾಜ್ಯ ಸರ್ಕಾರವು 2014ರಲ್ಲಿ ದಂತಭಾಗ್ಯ ಯೋಜನೆಯನ್ನು ಆರಂಭಿಸಿತು. ಅದರ ಸೌಲಭ್ಯದ ಬಗ್ಗೆಯೂ ಅಲ್ಲಿಯೇ ವಿಚಾರಿಸಿರಿ.

ಇಂದು ಊಟಕ್ಕೆ ಕುಳಿತಾಗ ಹಿರಿಯರ ತಟ್ಟೆಯನ್ನು ಗಮನಿಸಿರಿ. ಅವರೆಕಾಳು ಹಾಗೆಯೇ ಉಳಿದಿದ್ದರೆ, ರುಚಿಸಲಿಲ್ಲವೆಂದು ಭಾವಿಸದೆ, ಹಲ್ಲಿನ ತೊಂದರೆಯೇ ಎಂದು ಪ್ರೀತಿಯಿಂದ ಕೇಳಿರಿ.